ಸಬ್‌ಮಿಟ್ ಒತ್ತಿದ ಮೇಲೆ

ವಿದ್ಯಾರ್ಥಿವೇತನದ ಆನ್‌ಲೈನ್ ಅರ್ಜಿಯೊಂದರಲ್ಲಿ ಹೀಗೊಂದು ಪ್ರಶ್ನೆ ಇದೆ ಎಂದುಕೊಳ್ಳಿ: ಕುಟುಂಬಕ್ಕೆ ಎಷ್ಟು ಎಕರೆ ಜಮೀನಿದೆ? ಕೂಲಿ ಮಾಡುವವರ ಮನೆಯ ಹುಡುಗಿ 0 ಎಂದು ತುಂಬಿ ಸಬ್‌ಮಿಟ್ ಒತ್ತುತ್ತಾಳೆ. ಪುಟ ವಾಪಸು ಬಂದು ಕೆಂಪಕ್ಷರದಲ್ಲಿ ‘ಈ ಖಾನೆ ಕಡ್ಡಾಯ’ ಎನ್ನುತ್ತದೆ. ಮತ್ತೆ 0 ಹಾಕುತ್ತಾಳೆ, ಮತ್ತೆ ಅದೇ ಕೆಂಪಕ್ಷರ. ಸೈಬರ್ ಸೆಂಟರಿನವನಿಗೆ ಇಂಥದ್ದೆಲ್ಲ ಹೊಸದಲ್ಲ. ‘ಎರಡು ಸೊನ್ನೆ ಹಾಕಮ್ಮ, ತಗೊಳ್ಳುತ್ತೆ’ ಎನ್ನುತ್ತಾನೆ. 00 ಎಂದು ಹಾಕಿದರೆ ಅರ್ಜಿ ನಿಜಕ್ಕೂ ದಾಟಿಹೋಗುತ್ತದೆ.

ಅವನು ಅನುಭವದಿಂದ ಕಂಡುಕೊಂಡದ್ದಕ್ಕೆ ವಿವರಣೆ ಸರ್ವರಿನೊಳಗಿದೆ. ಪಿಎಚ್‌ಪಿ ಭಾಷೆಯಲ್ಲಿ ‘ಎಂಪ್ಟಿ’ ಎಂಬ ಪರೀಕ್ಷೆಯೊಂದಿದೆ. ಖಾನೆ ಖಾಲಿಯೋ ಎಂದು ನೋಡಬೇಕಾದಾಗ ಡೆವಲಪರ್‌ಗಳ ಕೈ ಮೊದಲು ಹೋಗುವುದು ಅದಕ್ಕೇ. ಆ ಪರೀಕ್ಷೆಯ ಲೆಕ್ಕದಲ್ಲಿ ಏನೂ ಬರೆಯದ ಖಾನೆಯೂ ಖಾಲಿ, ಒಂಟಿ ಸೊನ್ನೆ ಇರುವ ಖಾನೆಯೂ ಖಾಲಿ. ಎರಡು ಸೊನ್ನೆ, 0.0, ಬರೀ ಒಂದು ಸ್ಪೇಸ್, ಇವೆಲ್ಲ ಮಾತ್ರ ತುಂಬಿದ ಖಾನೆಗಳು! ಭಾಷೆ ಕಟ್ಟಿದವರಿಗೆ ಇದು ಅನುಕೂಲವಾಗಿ ಕಂಡಿರಬೇಕು. ತೊಂದರೆ ಜಮೀನಿಲ್ಲದವರಿಗೆ, ಮಕ್ಕಳಿಲ್ಲದವರಿಗೆ, ಸಾಲವಿಲ್ಲದವರಿಗೆ. ಸರಿಪಡಿಸುವುದಕ್ಕೆ ಒಂದು ಸಾಲು ಸಾಕು: ಆಚೀಚೆಯ ಸ್ಪೇಸ್‌ಗಳನ್ನು ಕತ್ತರಿಸಿ, ಇನ್ನೇನಾದರೂ ಉಳಿದಿದೆಯೇ ಎಂದು ನೇರವಾಗಿ ನೋಡುವುದು. ಆದರೆ ಕೌಂಟರಿನಲ್ಲಿ ಕೇಳಿದರೆ ಇದಕ್ಕೂ ಸಿಗುವ ಉತ್ತರ ‘ಸರ್ವರ್ ಪ್ರಾಬ್ಲಂ’ ಎಂದೇ. ನಮ್ಮಲ್ಲಿ ಸರ್ವರಿನ ತಲೆಗೆ ಕಟ್ಟಿದಷ್ಟು ದೋಷವನ್ನು ಶನಿಯ ತಲೆಗೂ ಕಟ್ಟಿಲ್ಲ.

ಸಬ್‌ಮಿಟ್ ಒತ್ತಿದಾಗ ಬ್ರೌಸರಿನಿಂದ ಹೊರಡುವುದಾದರೂ ಏನು? ಸಾಮಾನ್ಯ ಫಾರ್ಮಿನ ಮಟ್ಟಿಗೆ, ಒಂದು ಉದ್ದನೆಯ ಸಾಲು. ಖಾನೆಯ ಹೆಸರು, ಸಮ ಚಿಹ್ನೆ, ತುಂಬಿದ ಉತ್ತರ. ನಡುವೆ ಒಂದು ಆ್ಯಂಪರ್‌ಸ್ಯಾಂಡ್. ಮತ್ತೆ ಮುಂದಿನ ಖಾನೆ. ಸ್ಪೇಸ್ ಇದ್ದ ಕಡೆ ಕೂಡಿಸುವ ಚಿಹ್ನೆ ಬರುತ್ತದೆ. ಇಂಗ್ಲಿಷಿನ ಅಕ್ಷರ, ಅಂಕಿಗಳು ಹಾಗೆ ಹಾಗೇ ಹೋಗುತ್ತವೆ. ಕನ್ನಡದ್ದು ಹಾಗಲ್ಲ. ‘ಕ’ ಎಂಬ ಒಂದು ಅಕ್ಷರ ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಮೂರು ಬೈಟ್. ಪ್ರತಿ ಬೈಟೂ ಶೇಕಡಾ ಚಿಹ್ನೆ ಹೊತ್ತ ಮೂರು ಗುರುತುಗಳಾಗಿ ಪ್ರಯಾಣಿಸುತ್ತದೆ. ಹೀಗೆ ‘ಕೃಷ್ಣಮೂರ್ತಿ’ ಎಂಬ ಹೆಸರು ತಂತಿಯ ಮೇಲೆ ಹೋಗುವಾಗ 99 ಗುರುತುಗಳ ಸರಪಳಿ. ಆಚೆ ತುದಿಯಲ್ಲಿ ಪಿಎಚ್‌ಪಿ ಇದನ್ನೆಲ್ಲ ಬಿಚ್ಚಿ, ಹೆಸರಿಗೆ ಹೆಸರು ಉತ್ತರಕ್ಕೆ ಉತ್ತರ ಜೋಡಿಸಿ, ಒಂದು ಪಟ್ಟಿಯಲ್ಲಿಟ್ಟು ಪ್ರೋಗ್ರಾಮಿನ ಕೈಗೆ ಕೊಡುತ್ತದೆ. ಆ ಪಟ್ಟಿಯಲ್ಲಿರುವುದೆಲ್ಲ ಬರೀ ಪಠ್ಯ. ವಯಸ್ಸು ಸಂಖ್ಯೆಯೆಂದಾಗಲಿ, ಹುಟ್ಟಿದ ದಿನ ದಿನಾಂಕವೆಂದಾಗಲಿ ಅದಕ್ಕೆ ಗೊತ್ತಿಲ್ಲ. ಅದನ್ನು ಎಲ್ಲಿ, ಯಾವಾಗ, ಏನೆಂದು ಓದಬೇಕು ಎಂದು ತೀರ್ಮಾನಿಸುವುದರಲ್ಲೇ ಈ ಕಸುಬಿನ ಜಾಣತನವೂ ಇದೆ, ಇಷ್ಟು ವರ್ಷಗಳ ಅವಘಡಗಳೂ ಇವೆ.

ಸಾಲು ಹೋಗಲು ಎರಡು ದಾರಿ. ಗೆಟ್ ಎಂಬುದರಲ್ಲಿ ಅದು ಜಾಲತಾಣದ ವಿಳಾಸದ ಬಾಲಕ್ಕೇ ಅಂಟಿಕೊಂಡು ಹೋಗುತ್ತದೆ, ಪೋಸ್ಟ್ ಎಂಬುದರಲ್ಲಿ ಒಳಗಡೆ. ಗೆಟ್ ದಾರಿ ಹುಡುಕಾಟಕ್ಕೆ ಸರಿ. ಆಧಾರ್ ಸಂಖ್ಯೆಯನ್ನೋ ಪಾಸ್‌ವರ್ಡನ್ನೋ ಆ ದಾರಿಯಲ್ಲಿ ಕಳಿಸಿದರೆ ಬ್ರೌಸರಿನ ಹಿಸ್ಟರಿಯಲ್ಲೂ ಸರ್ವರಿನ ದಿನಚರಿಯಲ್ಲೂ ಅದು ಉಳಿದುಬಿಡುತ್ತದೆ. ಇನ್ನೊಂದು ಸಂಗತಿ ಹೊಸಬರನ್ನು ಯಾವಾಗಲೂ ಬೀಳಿಸುತ್ತದೆ: ಟಿಕ್ ಮಾಡದ ಚೆಕ್‌ಬಾಕ್ಸ್ ‘ಇಲ್ಲ’ ಎಂದು ಹೇಳುವುದಿಲ್ಲ, ಅದು ಬರುವುದೇ ಇಲ್ಲ. ಒಂದೇ ಹೆಸರಿನ ಹಲವು ಚೆಕ್‌ಬಾಕ್ಸ್‌ಗಳಿದ್ದರಂತೂ ಪಿಎಚ್‌ಪಿ ಕೊನೆಯದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಬಲ್ಲ ಭಾಷೆಗಳು ಎಂಬಲ್ಲಿ ಕನ್ನಡ, ತುಳು, ಕೊಂಕಣಿ ಮೂರಕ್ಕೂ ಟಿಕ್ ಹಾಕಿದ ಮಂಗಳೂರಿನವರ ದಾಖಲೆಯಲ್ಲಿ ಕೊಂಕಣಿ ಮಾತ್ರ ಉಳಿಯುತ್ತದೆ. ಖಾನೆಯ ಹೆಸರಿನ ಕೊನೆಗೆ ಒಂದು ಜೋಡಿ ಚೌಕ ಆವರಣ ಸೇರಿಸಿದ್ದರೆ ಮೂರೂ ಉಳಿಯುತ್ತಿದ್ದವು.

ಪಿಎಚ್‌ಪಿಯನ್ನೇ ಯಾಕೆ ಹಿಡಿದುಕೊಂಡೆ ಎಂದರೆ, ಅದು ಹುಟ್ಟಿ ಬೆಳೆದದ್ದೇ ಈ ಕೆಲಸದಲ್ಲಿ. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಎಂಜಿನಿಯರಿಂಗ್ ಓದಿದ ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತನ್ನ ಆನ್‌ಲೈನ್ ರೆಸ್ಯೂಮೆಯನ್ನು ಯಾರು ಯಾರು ನೋಡಿದರು ಎಂದು ತಿಳಿಯಲು ಸಿ ಭಾಷೆಯಲ್ಲಿ ಕೆಲವು ಸಣ್ಣ ಪ್ರೋಗ್ರಾಮುಗಳನ್ನು ಬರೆದುಕೊಂಡಿದ್ದ. 1995ರ ಜೂನ್ 8ರಂದು ಅವನ್ನು ‘ಪರ್ಸನಲ್ ಹೋಮ್ ಪೇಜ್ ಟೂಲ್ಸ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ. ಆಮೇಲೆ ಬಂದ ರೂಪಕ್ಕೆ ‘ಫಾರ್ಮ್ಸ್ ಇಂಟರ್‌ಪ್ರಿಟರ್’ ಎಂಬುದೂ ಸೇರಿ ಪಿಎಚ್‌ಪಿ-ಎಫ್‌ಐ ಆಯಿತು. 1998ರಲ್ಲಿ ಇಸ್ರೇಲಿನ ಝೀವ್ ಸುರಾಸ್ಕಿ ಮತ್ತು ಆ್ಯಂಡಿ ಗಟ್ಮನ್ಸ್ ಜೊತೆಗೂಡಿ ಬೇರಿನಿಂದ ತಿದ್ದಿ ಬರೆದ ಮೂರನೇ ಆವೃತ್ತಿಯಿಂದ ಅದು ಲೋಕಕ್ಕೆಲ್ಲ ಹಬ್ಬಿತು. ಸರ್ವರ್ ಕಡೆಯ ಭಾಷೆ ಯಾವುದೆಂದು ಪತ್ತೆಯಾಗುವ ಜಾಲತಾಣಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಂದಿಗೂ ಇದರ ಮೇಲೆಯೇ ನಿಂತಿವೆ. ವಿಕಿಪೀಡಿಯ ನಡೆಯುವುದು ಇದರಲ್ಲಿ, ವರ್ಡ್‌ಪ್ರೆಸ್ ನಡೆಯುವುದು ಇದರಲ್ಲಿ, ಫೇಸ್‌ಬುಕ್ ಶುರುವಾದದ್ದೂ ಇದರಲ್ಲೇ.

ಇಷ್ಟು ಬೇಗ ಹಬ್ಬಲು ಒಂದು ದೊಡ್ಡ ಕಾರಣ ಅದು ಕೊಟ್ಟ ಸಲಿಗೆ. ಫಾರ್ಮಿನಲ್ಲಿ ‘ಊರು’ ಎಂಬ ಖಾನೆ ಇದ್ದರೆ ಸಾಕು, ಪ್ರೋಗ್ರಾಮಿನೊಳಗೆ ‘ಊರು’ ಎಂಬ ವೇರಿಯಬಲ್ ತನಗೆ ತಾನೇ ಹುಟ್ಟಿಕೊಳ್ಳುತ್ತಿತ್ತು. ಉತ್ತರವನ್ನು ಎಲ್ಲಿಂದಲೋ ಹುಡುಕಿ ತರಬೇಕಾಗಿಲ್ಲ. ಪ್ರೋಗ್ರಾಮಿಂಗ್ ಕಲಿಯದವರೂ ಒಂದು ಸಂಜೆಯಲ್ಲಿ ಅತಿಥಿ ಪುಸ್ತಕ ಮಾಡಬಹುದಿತ್ತು. ಈ ಸೌಲಭ್ಯದ ಹೆಸರು ರಿಜಿಸ್ಟರ್ ಗ್ಲೋಬಲ್ಸ್.

ಅದರ ಅಪಾಯ ನೋಡಲು ನಾಲ್ಕು ಸಾಲಿನ ಕೋಡ್ ಸಾಕು. ಪಾಸ್‌ವರ್ಡ್ ಸರಿಯಿದ್ದರೆ ‘ಅಡ್ಮಿನ್’ ಎಂಬ ವೇರಿಯಬಲ್‌ಗೆ 1 ಎಂದು ಬರೆ. ಕೆಳಗೆ, ಅಡ್ಮಿನ್ 1 ಆಗಿದ್ದರೆ ಗುಪ್ತ ಪುಟ ತೆರೆ. ಓದಲು ಏನೂ ತಪ್ಪಿಲ್ಲ. ಆದರೆ ಪಾಸ್‌ವರ್ಡ್ ಗೊತ್ತಿಲ್ಲದವನು ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಅಡ್ಮಿನ್=1’ ಎಂದು ಟೈಪ್ ಮಾಡಿದರೆ? ಫಾರ್ಮಿನಲ್ಲಿ ಅಂಥ ಖಾನೆಯೇ ಇಲ್ಲದಿದ್ದರೂ ಪಿಎಚ್‌ಪಿ ಆ ವೇರಿಯಬಲ್ಲನ್ನು ಹುಟ್ಟಿಸಿಬಿಡುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ನಪಾಸಾದರೂ ಎರಡನೆಯದರಲ್ಲಿ ಬಾಗಿಲು ತೆರೆಯುತ್ತಿತ್ತು. ಮೇಲೆ ‘ಅಡ್ಮಿನ್ 0’ ಎಂದು ಮೊದಲೇ ಬರೆದಿಟ್ಟವರು ಬಚಾವು. ಬರೆಯದವರೇ ಹೆಚ್ಚು.

2001ರ ಡಿಸೆಂಬರಿನಲ್ಲಿ ಬಂದ 4.1 ಆವೃತ್ತಿ ಫಾರ್ಮಿನ ಉತ್ತರಗಳಿಗೆಂದೇ ಪ್ರತ್ಯೇಕ ಪಟ್ಟಿಗಳನ್ನು ಕೊಟ್ಟಿತು. ಇಂದು ಪಿಎಚ್‌ಪಿ ಬರೆಯುವವರ ಬೆರಳ ತುದಿಯಲ್ಲಿರುವ ‘ಡಾಲರ್ ಅಂಡರ್‌ಸ್ಕೋರ್ ಪೋಸ್ಟ್’ ಹುಟ್ಟಿದ್ದು ಆಗ. ಮರುವರ್ಷದ ಏಪ್ರಿಲ್‌ನಲ್ಲಿ 4.2 ಬಂದಾಗ ಹಳೆಯ ಸಲಿಗೆ ತನ್ನಷ್ಟಕ್ಕೆ ಚಾಲೂ ಇರುವುದು ನಿಂತಿತು. ಅಂದರೆ ಪೂರ್ತಿ ಹೋಯಿತೆಂದಲ್ಲ, ಬೇಕೆಂದವರು ಚಾಲೂ ಮಾಡಿಕೊಳ್ಳಬಹುದಿತ್ತು. ಹಾಗೆ ಮಾಡಿಕೊಂಡರು ಕೂಡ, ಏಕೆಂದರೆ ಲಕ್ಷಾಂತರ ಹಳೆಯ ಪುಟಗಳು ಅದನ್ನೇ ನಂಬಿಕೊಂಡಿದ್ದವು. ಅದನ್ನು ಭಾಷೆಯಿಂದಲೇ ಕಿತ್ತುಹಾಕಿದ್ದು 2012ರ ಮಾರ್ಚ್‌ನಲ್ಲಿ, 5.4ರಲ್ಲಿ. ಒಂದು ತಪ್ಪನ್ನು ತಪ್ಪೆಂದು ಒಪ್ಪಿಕೊಂಡ ಮೇಲೂ ಅದನ್ನು ತೆಗೆಯಲು ಹತ್ತು ವರ್ಷ! ಅದರ ಪಳೆಯುಳಿಕೆ ಇನ್ನೂ ಇದೆ. ಖಾನೆಗೆ ‘ವಿಳಾಸ.ಊರು’ ಎಂದು ಚುಕ್ಕಿ ಹಾಕಿ ಹೆಸರಿಟ್ಟರೆ ಪಿಎಚ್‌ಪಿ ಇಂದಿಗೂ ಅದನ್ನು ‘ವಿಳಾಸ_ಊರು’ ಎಂದು ಬದಲಿಸಿ ಕೊಡುತ್ತದೆ. ಖಾನೆಯ ಹೆಸರೇ ವೇರಿಯಬಲ್ ಆಗುತ್ತಿದ್ದ ಕಾಲದ ನಿಯಮ ಅದು, ವೇರಿಯಬಲ್ ಹೆಸರಿನಲ್ಲಿ ಚುಕ್ಕಿ ಇರುವಂತಿಲ್ಲ. ಚುಕ್ಕಿ ಹಾಕಿದ ಖಾನೆ ಎಲ್ಲಿ ಮಾಯವಾಯಿತೆಂದು ಅರ್ಧ ದಿನ ತಲೆ ಕೆರೆದುಕೊಳ್ಳುವ ಹುಡುಗರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ.

ಅದೇ ಕಾಲದ ಇನ್ನೊಂದು ಉಪಕಾರ ಮ್ಯಾಜಿಕ್ ಕೋಟ್ಸ್. ಇದರ ಕತೆ ಹೇಳಲು ಕರಾವಳಿಯ ಡಿಸೋಜರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಎಷ್ಟೋ ಮಂದಿ ಡಿ ಅಕ್ಷರದ ಮುಂದೆ ಒಂದು ಅಪಾಸ್ಟ್ರಫಿ ಹಾಕುತ್ತಾರೆ. ಡಿಸಿಲ್ವ, ಡಿಕುನ್ಹ ಮನೆತನದವರೂ ಹಾಗೆಯೇ. ಈಗ ಡೇಟಾಬೇಸ್‌ಗೆ ಹೋಗುವ ಆದೇಶ ನೋಡಿ. ‘ಗ್ರಾಹಕರ ಪಟ್ಟಿಯಲ್ಲಿ ಹೆಸರು ಇಂಥದ್ದು ಇರುವವರನ್ನು ತೋರಿಸು’ ಎಂಬ ವಾಕ್ಯವನ್ನು ಎಸ್‌ಕ್ಯುಎಲ್ ಎಂಬ ಭಾಷೆಯಲ್ಲಿ ಬರೆಯಬೇಕು, ಹೆಸರನ್ನು ಎರಡು ಅಪಾಸ್ಟ್ರಫಿಗಳ ನಡುವೆ ಇಡಬೇಕು. ಡಿಸೋಜರ ಹೆಸರನ್ನು ಹಾಗೆಯೇ ಅಂಟಿಸಿದರೆ, ಅವರ ಹೆಸರೊಳಗಿನ ಅಪಾಸ್ಟ್ರಫಿಯನ್ನು ಡೇಟಾಬೇಸು ಹೆಸರು ಮುಗಿದ ಗುರುತೆಂದು ಓದುತ್ತದೆ. ಡಿ ಎಂಬಲ್ಲಿಗೇ ಹೆಸರು ಮುಗಿಯಿತು, ಉಳಿದ ಸೋಜ ಎಂಬುದು ಯಾವ ಆದೇಶ ಎಂದು ತಿಳಿಯದೆ ಎರರ್ ಕೊಡುತ್ತದೆ.

ಎರರ್ ಬಂದರೆ ಪುಣ್ಯ. ಅದೇ ಖಾನೆಯಲ್ಲಿ ಒಬ್ಬ ಕಿಲಾಡಿ ಹೆಸರಿನ ಬದಲು ಒಂದು ಅಪಾಸ್ಟ್ರಫಿ, ಆಮೇಲೆ ‘ಅಥವಾ 1=1’ ಎಂಬರ್ಥದ ಎಸ್‌ಕ್ಯುಎಲ್ ತುಂಬಿದ ಅನ್ನಿ. ಈಗ ಆದೇಶ ಹೀಗಾಗುತ್ತದೆ: ಹೆಸರು ಖಾಲಿ ಇರುವವರನ್ನು, ಅಥವಾ ಒಂದು ಒಂದಕ್ಕೆ ಸಮವಾಗಿದ್ದರೆ, ತೋರಿಸು. ಒಂದು ಯಾವಾಗಲೂ ಒಂದಕ್ಕೆ ಸಮ. ಇಡೀ ಪಟ್ಟಿ ಹೊರಗೆ ಬರುತ್ತದೆ. ಎಸ್‌ಕ್ಯುಎಲ್ ಇಂಜೆಕ್ಷನ್ ಎಂದು ಮುಂದೆ ಹೆಸರಾದ ಈ ಕೈಚಳಕವನ್ನು ಜೆಫ್ ಫಾರಿಸ್ಟಲ್ ಎಂಬಾತ ‘ಫ್ರಾಕ್’ ಎಂಬ ಹ್ಯಾಕರ್ ಪತ್ರಿಕೆಯ 1998ರ ಡಿಸೆಂಬರ್ ಸಂಚಿಕೆಯಲ್ಲಿ ವಿವರಿಸಿದ್ದ. ಹತ್ತು ವರ್ಷಗಳ ನಂತರವೂ ಅದೇ ಚಳಕ ಬಳಸಿ ಅಮೆರಿಕದ ಹಾರ್ಟ್‌ಲ್ಯಾಂಡ್ ಪೇಮೆಂಟ್ ಸಿಸ್ಟಮ್ಸ್ ಕಂಪನಿಯೊಳಗೆ ನುಗ್ಗಿದವರು ಸುಮಾರು 13 ಕೋಟಿ ಕಾರ್ಡುಗಳ ವಿವರ ಕದ್ದರು. ಗುಂಪಿನ ನಾಯಕ ಆಲ್ಬರ್ಟ್ ಗೊಂಜಾಲೆಜ್‌ಗೆ 2010ರಲ್ಲಿ 20 ವರ್ಷ ಜೈಲಾಯಿತು. 2015ರಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ಟೆಲಿಕಾಂ ಕಂಪನಿ ಇದೇ ದಾರಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರಾಹಕರ ಮಾಹಿತಿ ಕಳೆದುಕೊಂಡು 4 ಲಕ್ಷ ಪೌಂಡ್ ದಂಡ ತೆತ್ತಿತು. ಎಲ್ಲರಿಗೂ ಗೊತ್ತಿದ್ದ ಹಳೆಯ ಕಳ್ಳದಾರಿ ಇದು, ಮುಚ್ಚಿರಲಿಲ್ಲ ಅಷ್ಟೆ.

ಇದನ್ನು ತಡೆಯಲೆಂದು ಪಿಎಚ್‌ಪಿ ಮಾಡಿದ ಜಾದೂ ಎಂದರೆ, ಫಾರ್ಮಿನಿಂದ ಬಂದ ಪ್ರತಿ ಅಪಾಸ್ಟ್ರಫಿಯ ಹಿಂದೆ ಒಂದು ಹಿಂಬದಿ ಓರೆಗೆರೆ ಸೇರಿಸುವುದು. ಡೇಟಾಬೇಸ್‌ಗೆ ಹೋಗುವುದಿದ್ದರೆ ಸರಿ. ಆದರೆ ಫಾರ್ಮಿನ ಉತ್ತರ ಡೇಟಾಬೇಸ್‌ಗೆ ಮಾತ್ರ ಹೋಗುತ್ತದೆಯೇ? ಇಮೇಲ್‌ಗೆ ಹೋಗುತ್ತದೆ, ಪರದೆಗೆ ಹೋಗುತ್ತದೆ, ರಸೀದಿಗೆ ಹೋಗುತ್ತದೆ. ಅಲ್ಲೆಲ್ಲ ಡಿಸೋಜರ ಹೆಸರಿನ ನಡುವೆ ಒಂದು ಓರೆಗೆರೆ ಕಾಣಿಸಿಕೊಳ್ಳತೊಡಗಿತು. ಮೊದಲೇ ಕೈಯಾರೆ ಓರೆಗೆರೆ ಹಾಕುವ ಕೋಡ್ ಇದ್ದ ಕಡೆ ಎರಡಾಯಿತು. ಪ್ರೊಫೈಲ್ ತಿದ್ದಿ ಉಳಿಸಿದಾಗಲೆಲ್ಲ ಒಂದೊಂದು ಹೆಚ್ಚಿ, ಹೆಸರಿನೊಳಗೆ ಬೇಲಿಯೇ ಎದ್ದು ನಿಂತ ಪುಟಗಳನ್ನು ಆ ಕಾಲದವರು ಮರೆತಿರಲಾರರು. ಅಷ್ಟು ಮಾಡಿಯೂ ರಕ್ಷಣೆ ಪೂರ್ತಿ ಸಿಗಲಿಲ್ಲ: ಸಂಖ್ಯೆಯ ಖಾನೆಗಳನ್ನು ಅಪಾಸ್ಟ್ರಫಿಯ ನಡುವೆ ಇಡುವುದೇ ಇಲ್ಲವಾದ್ದರಿಂದ ಅಲ್ಲಿ ನುಗ್ಗುವವನಿಗೆ ಓರೆಗೆರೆಯ ತಡೆಯೇ ಇಲ್ಲ. ಇದೂ 2012ರಲ್ಲಿ 5.4ರೊಂದಿಗೆ ತೊಲಗಿತು.

ಸರಿಯಾದ ಪರಿಹಾರ ಬೇರೆಯೇ ಇತ್ತು. ಡೇಟಾಬೇಸ್‌ಗೆ ಮೊದಲು ಖಾಲಿ ಜಾಗಗಳಿರುವ ಆದೇಶವನ್ನಷ್ಟೇ ಕಳಿಸುವುದು: ಹೆಸರು ಪ್ರಶ್ನಾರ್ಥಕ ಇರುವವರನ್ನು ತೋರಿಸು. ಡೇಟಾಬೇಸು ಅದನ್ನು ಓದಿ, ಅರ್ಥ ಮಾಡಿಕೊಂಡು, ಸಿದ್ಧವಾಗಿ ಕೂತ ಮೇಲೆ ಹೆಸರನ್ನು ಬೇರೆಯಾಗಿ ಕಳಿಸುವುದು. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎನ್ನುತ್ತಾರೆ ಇದಕ್ಕೆ. ಸರ್ಕಾರಿ ಕಚೇರಿಯ ಆವಕ ವಿಭಾಗದ ಗುಮಾಸ್ತ ಬಂದ ಅರ್ಜಿಗೆ ನಂಬರು ಹಾಕಿ ಮೇಜಿಗೆ ಕಳಿಸುತ್ತಾನೆಯೇ ಹೊರತು, ಅರ್ಜಿಯೊಳಗೆ ‘ಕಡತಗಳನ್ನೆಲ್ಲ ಸುಟ್ಟುಬಿಡಿ’ ಎಂದು ಬರೆದಿದ್ದರೆ ಕಡ್ಡಿ ಗೀರುವುದಿಲ್ಲವಲ್ಲ, ಹಾಗೆ. ಹೆಸರಿನೊಳಗೆ ಏನಿದ್ದರೂ ಅದು ಹೆಸರೇ. ಡಿಸೋಜರೂ ಸುರಕ್ಷಿತ, ಪಟ್ಟಿಯೂ ಸುರಕ್ಷಿತ. ಇದಕ್ಕೆ ಅನುಕೂಲವಾದ ಪಿಡಿಒ ಎಂಬ ಸವಲತ್ತು 2005ರ ಕೊನೆಯಿಂದ ಪಿಎಚ್‌ಪಿಯ ಜೊತೆಗೇ ಬರುತ್ತಿದೆ. ಹಳೆಯ ಅಂಟಿಸುವ ದಾರಿಯ ಮೈಎಸ್‌ಕ್ಯುಎಲ್ ಡೇಟಾಬೇಸಿನ ಫಂಕ್ಷನ್‌ಗಳನ್ನು ಕಿತ್ತೆಸೆಯಲು ಮಾತ್ರ 2015ರ ಡಿಸೆಂಬರಿನ 7.0 ಆವೃತ್ತಿಯೇ ಬೇಕಾಯಿತು. ಅಷ್ಟರವರೆಗೆ ಎಷ್ಟೋ ಪಾಠಪುಸ್ತಕಗಳು ಅಂಟಿಸುವುದನ್ನೇ ಕಲಿಸುತ್ತಿದ್ದವು. ನಮ್ಮ ಕಾಲೇಜುಗಳ ಲ್ಯಾಬ್ ಮ್ಯಾನ್ಯುಯಲ್‌ಗಳಲ್ಲಿ ಈಗಲೂ ಹುಡುಕಿದರೆ ಸಿಕ್ಕೀತು.

ಪರದೆಯ ಕಡೆಯ ಅಪಾಯವೂ ಇದೇ ಜಾತಿಯದು. ಒಬ್ಬರು ತುಂಬಿದ್ದನ್ನು ಇನ್ನೊಬ್ಬರಿಗೆ ತೋರಿಸುವಾಗ, ತುಂಬಿದ್ದರಲ್ಲಿ ಜಾವಾಸ್ಕ್ರಿಪ್ಟ್ ಇದ್ದರೆ ನೋಡುವವರ ಬ್ರೌಸರ್ ಅದನ್ನು ಪಠ್ಯವೆಂದು ತೋರಿಸುವ ಬದಲು ಆಜ್ಞೆಯೆಂದು ನಡೆಸುತ್ತದೆ. 2005ರ ಅಕ್ಟೋಬರಿನಲ್ಲಿ ಸ್ಯಾಮಿ ಕಾಮ್ಕರ್ ಎಂಬ ತರುಣ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದಲ್ಲಿ ತನ್ನ ಪ್ರೊಫೈಲಿನೊಳಗೆ ಇಂಥದ್ದೊಂದು ತುಣುಕು ಇಟ್ಟ. ನೋಡಿದವರ ಪ್ರೊಫೈಲಿಗೂ ಅದು ನಕಲಾಗುತ್ತಾ ಹೋಗಿ 20 ಗಂಟೆಯೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಅವನ ‘ಗೆಳೆಯರ’ ಪಟ್ಟಿಗೆ ಸೇರಿದ್ದರು. ತಡೆಯಲು ಬೇಕಾದದ್ದು ಪುಟಕ್ಕೆ ಬರೆಯುವ ಕ್ಷಣದಲ್ಲಿ ಕೋನಾವರಣದಂಥ ಚಿಹ್ನೆಗಳನ್ನು ನಿರುಪದ್ರವಿ ರೂಪಕ್ಕೆ ತಿರುಗಿಸುವ ಒಂದು ಫಂಕ್ಷನ್. ಕೆಲವರು ಅದನ್ನು ಉತ್ತರ ಬಂದ ಕೂಡಲೇ, ಉಳಿಸುವ ಮೊದಲೇ ಮಾಡಿಬಿಡುತ್ತಾರೆ. ನನ್ನ ಪ್ರಕಾರ ಅದು ಮ್ಯಾಜಿಕ್ ಕೋಟ್ಸ್‌ನದೇ ತಪ್ಪು, ವೇಷ ಮಾತ್ರ ಬೇರೆ. ಬಂದದ್ದನ್ನು ಬಂದಂತೆ ಇಟ್ಟುಕೊಂಡು, ಎಲ್ಲಿಗೆ ಹೋಗುತ್ತದೋ ಅಲ್ಲಿಯ ರೀತಿಗೆ ತಕ್ಕಂತೆ ಹೊರಡುವಾಗ ಕಟ್ಟಿಕೊಡಬೇಕು.

ಇನ್ನು ಕನ್ನಡದ ವಿಚಾರ. ಇಲ್ಲಿ ಕಳ್ಳರ ಕಾಟವಿಲ್ಲ, ಇರುವುದು ಫಾರ್ಮ್ ಬರೆದವರು ಕನ್ನಡವನ್ನು ನೆನೆಸಿಕೊಳ್ಳದ ಕಾಟ. ಹೆಸರು 30 ಅಕ್ಷರ ಮೀರಬಾರದು ಎಂಬ ನಿಯಮ ನೋಡಲು ಸಾಧು. ‘ಕೃಷ್ಣಮೂರ್ತಿ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಯುನಿಕೋಡಿಗೆ, ವ್ಯಂಜನ, ಸ್ವರಚಿಹ್ನೆ, ವಿರಾಮ ಎಲ್ಲ ಬಿಡಿಬಿಡಿಯಾಗಿ ಎಣಿಸಿ, 11. ಪಿಎಚ್‌ಪಿಯ ಹಳೆಯ ಉದ್ದ ಅಳೆಯುವ ಫಂಕ್ಷನ್ ಎಣಿಸುವುದು ಬೈಟ್‌ಗಳನ್ನು, ಅದರ ಲೆಕ್ಕದಲ್ಲಿ 33. ನಾಲ್ಕಕ್ಷರದ ಹೆಸರಿಗೆ ‘ಹೆಸರು ತುಂಬಾ ಉದ್ದವಾಯಿತು’ ಎಂಬ ಉತ್ತರ! ಕೆಲವು ಪ್ರೋಗ್ರಾಮುಗಳು ಕೇಳುವುದೂ ಇಲ್ಲ, 30ನೇ ಬೈಟಿಗೆ ಸುಮ್ಮನೆ ಕತ್ತರಿಸುತ್ತವೆ. ಆಗ ಕೊನೆಯ ಗುಡಿಸು ಹಾರಿಹೋಗಿ ‘ಕೃಷ್ಣಮೂರ್ತ’ ಉಳಿಯುತ್ತದೆ. ಮೂರರಿಂದ ಭಾಗವಾಗದ ಸಂಖ್ಯೆಗೆ ಕತ್ತರಿಸಿದರಂತೂ ಅಕ್ಷರದ ನಡುವಿಗೇ ಕತ್ತಿ ಬಿದ್ದು ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಕಾಣಿಸುತ್ತದೆ. ಅಕ್ಷರ ಎಣಿಸಲೆಂದೇ ಬೇರೆ ಫಂಕ್ಷನ್‌ಗಳಿವೆ, ಹೆಸರಿನ ಮುಂದೆ ‘ಎಂಬಿ’ ಎಂದಿರುವವು. ಅವು 11 ಎನ್ನುತ್ತವೆ. ನಾಲ್ಕು ಎನ್ನುವುದಿಲ್ಲ, ಆದರೂ ಅದರೊಂದಿಗೆ ಬದುಕಬಹುದು.

ಹೆಸರಿನಲ್ಲಿ ಅಕ್ಷರಗಳಷ್ಟೇ ಇರಬೇಕು ಎಂಬ ಪರೀಕ್ಷೆ ಇನ್ನೂ ಮಜವಾಗಿದೆ. ಎ-ಯಿಂದ-ಝಡ್‌ವರೆಗೆ ಎಂದು ಬರೆದವರು ಕನ್ನಡವನ್ನು ಪೂರ್ತಿ ಹೊರಗಿಟ್ಟರು, ಅದು ನೇರವಾದ ಅನ್ಯಾಯ. ಯಾವ ಭಾಷೆಯ ಅಕ್ಷರವಾದರೂ ಸರಿ ಎಂದು ಉದಾರವಾಗಿ ಬರೆದವರೂ ಎಡವುತ್ತಾರೆ. ಯುನಿಕೋಡ್ ಕಾಗುಣಿತದ ಚಿಹ್ನೆಗಳನ್ನು ‘ಅಕ್ಷರ’ ಎಂಬ ವರ್ಗಕ್ಕೆ ಸೇರಿಸುವುದಿಲ್ಲ, ‘ಗುರುತು’ ಎಂಬ ಬೇರೆ ವರ್ಗಕ್ಕೆ ಸೇರಿಸುತ್ತದೆ. ಹಾಗಾಗಿ ‘ಕಮಲ’ ಎಂದು ಬರೆದುಕೊಳ್ಳುವವರು ಒಳಗೆ, ‘ಕಮಲಾ’ ಎಂದು ದೀರ್ಘ ಎಳೆಯುವವರು ಹೊರಗೆ. ಎರಡೂ ವರ್ಗ ಸೇರಿಸಿದರೂ ‘ರಾಜ್‌ಕುಮಾರ್’ ಸಿಕ್ಕಿಬೀಳುತ್ತಾರೆ. ಜ ಮತ್ತು ಕ ಒತ್ತಾಗಿ ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಅದನ್ನು ಬೇರೆಯಾಗಿ ಒಳಬಿಡಬೇಕು. ಹೀಗೆ ಒಳಬಿಟ್ಟ ಹೆಸರನ್ನು ಇನ್ನೊಬ್ಬ ಗುಮಾಸ್ತ ಆ ಗುರುತಿಲ್ಲದೆ ‘ರಾಜ್ಕುಮಾರ್’ ಎಂದು ಟೈಪ್ ಮಾಡಿ ಹುಡುಕಿದರೆ ‘ದಾಖಲೆ ಇಲ್ಲ’ ಎಂದು ಬರುತ್ತದೆ. ಏತ್ವ ಮತ್ತು ಕೊಂಬಿನ ದೀರ್ಘವನ್ನು ಸೇರಿಸಿ ಟೈಪ್ ಮಾಡುವ ‘ಕೊ’ ಒಂದೇ ಚಿಹ್ನೆಯಾಗಿಯೂ ಇರಬಹುದು, ಎರಡು ಚಿಹ್ನೆಯಾಗಿಯೂ ಇರಬಹುದು. ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಉಳಿಸುವ ಮೊದಲು ಈ ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸರ್ ಪಿಎಚ್‌ಪಿಯಲ್ಲಿದೆ, ಬಳಸುವವರು ಬೇಕು.

ಅಂಕಿಗಳಲ್ಲೂ ಇದೇ ಪಾಡು. ಅಭಿಮಾನದಿಂದ ವಯಸ್ಸಿನ ಖಾನೆಯಲ್ಲಿ ‘೪೫’ ಎಂದು ಕನ್ನಡ ಅಂಕಿಯಲ್ಲಿ ತುಂಬಿದರೆ, ಪಿಎಚ್‌ಪಿ ಅದನ್ನು ಸಂಖ್ಯೆಗೆ ತಿರುಗಿಸುವಾಗ ಚಕಾರವೆತ್ತದೆ 0 ಮಾಡುತ್ತದೆ. ಎರರ್ ಕೂಡ ಇಲ್ಲ. ನಲವತ್ತೈದರ ಹೆಂಗಸು ದಾಖಲೆಯಲ್ಲಿ ಈಗಷ್ಟೇ ಹುಟ್ಟಿದ ಕೂಸು. ಬೆಂಗಳೂರಿನ 080 ಕೋಡನ್ನು ಸಂಖ್ಯೆ ಎಂದು ಓದಿದರೆ 80 ಆಗುತ್ತದೆ. ಕೂಡಿ ಕಳೆಯುವ ಪ್ರಮೇಯವಿಲ್ಲದ್ದು ನೋಡಲು ಅಂಕಿಯಾದರೂ ಪಠ್ಯವಾಗಿಯೇ ಇರಲಿ. ಇನ್ನು ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಫಾರ್ಮಿಗೆ ಪೇಸ್ಟ್ ಮಾಡಿದರೆ ಹೋಗುವುದು ವಿಚಿತ್ರ ಲ್ಯಾಟಿನ್ ಅಕ್ಷರಗಳ ರಾಶಿ. ನಮ್ಮ ಕಚೇರಿಗಳಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡೇಟಾಬೇಸಿನ ಕಾಲಂ ಲ್ಯಾಟಿನ್-1 ಎಂದು ಹಳೆಯ ಕಾಲದಲ್ಲಿ ಸಿದ್ಧಪಡಿಸಿದ್ದಾಗಿದ್ದರೆ ಕನ್ನಡವೆಲ್ಲ ಸಾಲು ಸಾಲು ಪ್ರಶ್ನಾರ್ಥಕವಾಗಿ ಉಳಿಯುತ್ತದೆ, ಮತ್ತು ಹಾಗೆ ಉಳಿದದ್ದರಿಂದ ಮೂಲವನ್ನು ಮರಳಿ ಪಡೆಯಲು ಯಾವ ದಾರಿಯೂ ಇಲ್ಲ.

ಇಷ್ಟೆಲ್ಲ ಪರೀಕ್ಷೆ ಬ್ರೌಸರಿನಲ್ಲೇ ಆಗುತ್ತದಲ್ಲ, ಸರ್ವರಿನಲ್ಲಿ ಮತ್ತೆ ಯಾಕೆ ಎಂದು ಕೇಳುವವರಿದ್ದಾರೆ. ಬ್ರೌಸರಿನ ಪರೀಕ್ಷೆ ತುಂಬುವವರ ಅನುಕೂಲಕ್ಕೆ. ಫಾರ್ಮನ್ನು ಮುಟ್ಟದೆಯೇ ಸರ್ವರಿಗೆ ಸಾಲು ಕಳಿಸಬಹುದು, ಅದಕ್ಕೆ ಒಂದು ಸಣ್ಣ ಉಪಕರಣ ಸಾಕು. 2000ದ ಹೊತ್ತಿಗೆ ಹಲವು ಶಾಪಿಂಗ್ ಕಾರ್ಟ್ ತಂತ್ರಾಂಶಗಳು ವಸ್ತುವಿನ ಬೆಲೆಯನ್ನೇ ಫಾರ್ಮಿನ ಅಡಗಿಸಿದ ಖಾನೆಯಲ್ಲಿಟ್ಟು, ಅದು ವಾಪಸು ಬಂದಾಗ ಅದನ್ನೇ ನಂಬುತ್ತಿದ್ದವು. ಪುಟವನ್ನು ಉಳಿಸಿಕೊಂಡು, ಬೆಲೆ ತಿದ್ದಿ, ಸಬ್‌ಮಿಟ್ ಒತ್ತಿದವರಿಗೆ ಅವರು ಬರೆದದ್ದೇ ದರ.

ಫೋಟೊ, ಸಹಿ, ಅಂಕಪಟ್ಟಿ ಸೇರಿಸುವ ಫಾರ್ಮಿನದು ಬೇರೆಯೇ ರಗಳೆ. ಫೈಲ್ ಕಳಿಸುವ ವಿಧಾನವನ್ನು 1995ರ ನವೆಂಬರಿನಲ್ಲಿ ಬರೆದು ಪ್ರಕಟಿಸಿದವರು ಜೆರಾಕ್ಸ್ ಕಂಪನಿಯ ಇಬ್ಬರು. ಅಂದಮೇಲೆ ನಾವು ಅರ್ಜಿಗೆ ಫೋಟೊ ಅಪ್‌ಲೋಡ್ ಮಾಡಿಸಲು ಜೆರಾಕ್ಸ್ ಅಂಗಡಿಗೇ ಹೋಗುವುದರಲ್ಲಿ ಒಂದು ನ್ಯಾಯವಿದೆ. ಪಿಎಚ್‌ಪಿ ಸುಮ್ಮನೆ ಹಾಕಿಕೊಟ್ಟಾಗ ಒಂದು ಫೈಲಿಗೆ 2 ಎಂಬಿ, ಇಡೀ ಫಾರ್ಮಿಗೆ 8 ಎಂಬಿ ಮಿತಿ. ಈಗಿನ ಮೊಬೈಲ್ ಫೋಟೊಗಳೇ ನಾಲ್ಕೈದು ಎಂಬಿ. ಅಂಥ ಮೂರನ್ನು ಒಟ್ಟಿಗೆ, ಮಿತಿಗಳನ್ನು ತಿದ್ದದ ಸರ್ವರಿಗೆ, ಕಳಿಸಿ ನೋಡಿ. ಎಂಟು ಮೀರಿದ ಕೂಡಲೇ ಪಿಎಚ್‌ಪಿ ಫೈಲುಗಳನ್ನಷ್ಟೇ ಅಲ್ಲ, ಹೆಸರು, ಊರು, ಎಲ್ಲ ಖಾನೆಗಳನ್ನೂ ಒಟ್ಟಿಗೆ ಕೈಬಿಟ್ಟು ಪ್ರೋಗ್ರಾಮಿನ ಕೈಗೆ ಖಾಲಿ ಪಟ್ಟಿ ಕೊಡುತ್ತದೆ. ಪ್ರೋಗ್ರಾಮು ಪಾಪ, ‘ಹೆಸರು ಕಡ್ಡಾಯ’ ಎನ್ನುತ್ತದೆ. ಫೋಟೊ ದೊಡ್ಡದಾಯಿತೆಂದು ಯಾರಿಗೆ ಹೊಳೆಯಬೇಕು?

ಇದರ ತಮ್ಮನಂಥ ಇನ್ನೊಂದು ಮಿತಿ 2012ರ ಜನವರಿಯಲ್ಲಿ ಬಂತು. ಹಿಂದಿನ ಡಿಸೆಂಬರಿನಲ್ಲಿ ಬರ್ಲಿನ್ನಿನ ಹ್ಯಾಕರ್ ಸಮ್ಮೇಳನದಲ್ಲಿ ಇಬ್ಬರು ಸಂಶೋಧಕರು, ಜಾಣತನದಿಂದ ಆಯ್ದ ಸಾವಿರಾರು ಖಾನೆಯ ಹೆಸರುಗಳನ್ನು ಒಟ್ಟಿಗೆ ಕಳಿಸಿ ಸರ್ವರಿನ ಉಸಿರು ಕಟ್ಟಿಸುವುದು ಹೇಗೆಂದು ತೋರಿಸಿದ್ದರು. ಪಿಎಚ್‌ಪಿ ಕೂಡಲೇ ಒಂದು ಫಾರ್ಮಿಗೆ 1,000 ಖಾನೆಗಳ ಮಿತಿ ಹಾಕಿತು. ಮಿತಿ ಮೀರಿದವನ್ನು ಒಂದು ಎಚ್ಚರಿಕೆ ದಾಖಲಿಸಿ ಬಿಟ್ಟುಬಿಡುತ್ತದೆ, ಆ ಎಚ್ಚರಿಕೆ ತುಂಬಿದವರ ಕಣ್ಣಿಗೆ ಬೀಳುವುದಿಲ್ಲ. ಶಾಲೆಯ ಅಂಕಗಳ ಪುಟ ನೆನೆಯಿರಿ: 60 ಮಕ್ಕಳು, ಆರು ವಿಷಯ, ವಿಷಯಕ್ಕೆ ಮೂರು ಖಾನೆ. ಒಟ್ಟು 1,080. ಮೇಷ್ಟ್ರು ಎಲ್ಲ ತುಂಬಿ ಉಳಿಸಿ ಮನೆಗೆ ಹೋಗುತ್ತಾರೆ, ಹಾಜರಿ ಪಟ್ಟಿಯ ಕೊನೆಯ ನಾಲ್ಕು ಮಕ್ಕಳ ಅಂಕಗಳೆಲ್ಲವೂ, ಅವರ ಹಿಂದಿನ ಮಗುವಿನ ಕೆಲವು ಅಂಕಗಳೂ ಉಳಿದಿರುವುದಿಲ್ಲ.

ಫೈಲುಗಳ ವಿಚಾರದಲ್ಲಿ ನಂಬಿಕೆ ಕೆಟ್ಟದ್ದು. ಬ್ರೌಸರ್ ‘ಇದು ಚಿತ್ರ’ ಎಂದು ಹೇಳಿದ್ದನ್ನು ನಂಬಿ, ಕಳಿಸಿದವರು ಇಟ್ಟ ಹೆಸರಿನಲ್ಲೇ, ಜಾಲತಾಣದ ಫೋಲ್ಡರಿನೊಳಗೇ ಉಳಿಸಿದರೆ, ಚಿತ್ರದ ಸೋಗಿನಲ್ಲಿ ಪಿಎಚ್‌ಪಿ ಪ್ರೋಗ್ರಾಮೊಂದು ಒಳಬಂದು ಕೂರುತ್ತದೆ; ಆಮೇಲೆ ಅದರ ವಿಳಾಸ ತೆರೆದವನು ಸರ್ವರಿನ ಯಜಮಾನ. ಅಮೆರಿಕದ ಈಕ್ವಿಫ್ಯಾಕ್ಸ್ ಎಂಬ ಕಂಪನಿಯ ಪ್ರಕರಣದಲ್ಲಿ ತೊಂದರೆ ಇದಕ್ಕೂ ಒಂದು ಹೆಜ್ಜೆ ಮುಂಚೆಯೇ ಇತ್ತು. ಜಾವಾದ ಅಪಾಚೆ ಸ್ಟ್ರಟ್ಸ್ ಎಂಬ ಚೌಕಟ್ಟು ಫೈಲಿರುವ ಫಾರ್ಮನ್ನು ಬಿಚ್ಚುವಾಗ, ಅದರ ತಲೆಬರಹದಲ್ಲಿ ತಪ್ಪಿದ್ದರೆ ಎರರ್ ಸಂದೇಶ ಕಟ್ಟುತ್ತಿತ್ತು, ಕಟ್ಟುವಾಗ ತಲೆಬರಹದೊಳಗಿನ ಮಾತನ್ನೇ ಆಜ್ಞೆಯೆಂದು ನಡೆಸಿಬಿಡುತ್ತಿತ್ತು. 2017ರ ಮಾರ್ಚ್‌ನಲ್ಲಿ ತೇಪೆ ಬಿಡುಗಡೆಯಾಗಿತ್ತು. ಈಕ್ವಿಫ್ಯಾಕ್ಸ್ ಹಾಕಿಕೊಂಡಿರಲಿಲ್ಲ. ಮೇ ತಿಂಗಳಿಂದ ಜುಲೈವರೆಗೆ ಒಳಗಿದ್ದವರು ಸುಮಾರು 14.7 ಕೋಟಿ ಜನರ ವಿವರ ಹೊತ್ತೊಯ್ದರು.

ಎಲ್ಲ ಸರಿಯಾಗಿ ಉಳಿದ ಮೇಲೂ ಒಂದು ಕೆಲಸ ಬಾಕಿ. ‘ಹಣ ಪಾವತಿಯಾಗಿದೆ’ ಎಂಬ ಪುಟವನ್ನು ಪೋಸ್ಟ್‌ನ ಉತ್ತರವಾಗಿಯೇ ಕೊಟ್ಟರೆ, ನೋಡುವವರು ರಿಫ್ರೆಶ್ ಒತ್ತಿದಾಗ ಬ್ರೌಸರ್ ಇಡೀ ಫಾರ್ಮನ್ನು ಮತ್ತೊಮ್ಮೆ ಕಳಿಸಲು ಹೊರಡುತ್ತದೆ. ಅದರ ಬದಲು ಕೆಲಸ ಮುಗಿದ ಕೂಡಲೇ 303 ಎಂಬ ಸಂಕೇತ ಕೊಟ್ಟು ಬ್ರೌಸರನ್ನು ಬೇರೆ ಪುಟಕ್ಕೆ ಅಟ್ಟಬೇಕು. ಪ್ರತಿ ಫಾರ್ಮಿನ ಜೊತೆ ಒಮ್ಮೆ ಮಾತ್ರ ಸಲ್ಲುವ ಒಂದು ಗುಟ್ಟಿನ ಟೋಕನ್ ಇಟ್ಟರೆ ಎರಡು ಸಲ ಒತ್ತಿದವರದ್ದೂ ಒಂದೇ ಅರ್ಜಿಯಾಗುತ್ತದೆ. ಬೇರೆ ಜಾಲತಾಣದವರು ನಿಮ್ಮ ಹೆಸರಿನಲ್ಲಿ ಫಾರ್ಮ್ ಕಳಿಸುವ ಮೋಸವೂ ನಿಲ್ಲುತ್ತದೆ.

ಸರಿಯಾಗದೆ ವಾಪಸು ಬಂದಾಗ ತುಂಬಿದ್ದೆಲ್ಲ ಹಾಗೆಯೇ ಇರಬೇಕು, ತಪ್ಪಿರುವ ಖಾನೆಯ ಪಕ್ಕದಲ್ಲೇ ತಪ್ಪೇನೆಂದು ಬರೆದಿರಬೇಕು. ಮೂವತ್ತು ಖಾನೆ ತುಂಬಿದವರಿಗೆ ಒಂದು ಪಿನ್‌ಕೋಡ್ ತಪ್ಪಿತೆಂದು ಖಾಲಿ ಪುಟ ತೋರಿಸುವ ಜಾಲತಾಣಗಳನ್ನು ಮಾಡಿದವರು ತಮ್ಮ ಫಾರ್ಮನ್ನು ತಾವೇ ಒಮ್ಮೆಯೂ ತುಂಬಿ ನೋಡಿರಲಿಕ್ಕಿಲ್ಲ. ಪಾಸ್‌ವರ್ಡ್ ಮಾತ್ರ ಮರಳಿ ತುಂಬಬಾರದು. ಫೋಟೊದ ಖಾನೆಯನ್ನು ಮರಳಿ ತುಂಬಲು ಬ್ರೌಸರ್ ಬಿಡುವುದಿಲ್ಲ, ಇತ್ತ ಪಿಎಚ್‌ಪಿಯೂ ತಾತ್ಕಾಲಿಕವಾಗಿ ಇಟ್ಟುಕೊಂಡ ಫೈಲನ್ನು ಆ ಒಂದು ಕೋರಿಕೆ ಮುಗಿದೊಡನೆ ಅಳಿಸಿಬಿಡುತ್ತದೆ. ಆದ್ದರಿಂದ ಪಿನ್‌ಕೋಡ್ ತಪ್ಪಿದ್ದರೂ ಫೋಟೊ ಸರಿಯಿದ್ದರೆ, ಅದನ್ನು ಮೊದಲೇ ಬೇರೆ ಕಡೆ ಎತ್ತಿಟ್ಟುಕೊಂಡು, ಮರಳಿದ ಪುಟದಲ್ಲಿ ‘ಫೋಟೊ ಬಂದಿದೆ’ ಎಂದು ಚಿತ್ರಸಮೇತ ತೋರಿಸಬೇಕಾಗುತ್ತದೆ. ಇದಕ್ಕೆ ಬೇಕಾದ ಕೋಡ್ ಇಪ್ಪತ್ತು ಸಾಲು ದಾಟುವುದಿಲ್ಲ.